ಸಂಕಕ್ಕೆ ತಲೆ ಬೇಕಂತೆ

ಆಲಂಕಾರಿನ ಹತ್ತಿರ ಹೊಳೆ ದಾಟಲಿಕ್ಕೆ ಹೊಸ ಸಂಕ ಕಟ್ಟುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಮತ್ತೆ ಎರಡನೇ ಕ್ಲಾಸಿನ ಹುಡುಗಿ.

ಸಂಕ ನಿಲ್ಲಲಿಕ್ಕೆ ಮಕ್ಕಳ ತಲೆ ಬೇಕಂತೆ, ತಲೆ ತೆಗೆಯುವ ಗುಪ್ತ ಸಂಘವೇ ಉಂಟಂತೆ ಎಂದು ಆಗ ಊರಲ್ಲಿ ಸಂಕ ಕಟ್ಟುವಾಗಲೂ ಸುದ್ದಿ ಹಬ್ಬಿತ್ತು. ನಾನು ಶಾಲೆಗೆ ಹೋಗದೆ ಕೂತೆ. ಉಮ್ಮ ಬೈಯಲಿಲ್ಲ. ಬೆಲ್ಲದ ಚಾ ಮಾಡಿ, ನನ್ನ ಕೈ ಹಿಡಿದು ಸೀದಾ ಸಂಕದ ಕೆಲಸದವರ ಹತ್ತಿರ ಕರಕೊಂಡು ಹೋದರು. "ಅವರ ಮುಖ ಸರಿ ನೋಡು" ಅಂದರು. ಸಿಮೆಂಟು ಮೆತ್ತಿದ ಕೈಯಲ್ಲಿ ಲೋಟ ಹಿಡಿದು ಕೆಲಸದವರು ನಕ್ಕರು. ನನ್ನ ಹೆದರಿಕೆ ಅಲ್ಲೇ ಇಳಿಯಿತು.

ಈಗ ಅದೇ ಸಂಘ ಮಗಳ ಮೊಬೈಲಿನಲ್ಲಿ ಉಂಟು, ಮ್ಯೂಸಿಕ್ ಸಮೇತ. ಎಂತ ಮಾಡುದು ಮಾರಾಯ್ರೆ? ನಿನ್ನೆ ನಾನೂ ಚಾ ಹಿಡಿದು ಅವಳನ್ನು ಕರಕೊಂಡು ಹೋದೆ. ಕೆಲಸದವರು ನಕ್ಕರು. ಅವಳು ನನ್ನ ಶಾಲಿನ ಹಿಂದೆ ಅಡಗಿದಳು.

"ಉಮ್ಮ, ಅವರು ಮೊದಲು ಹೀಗೇ ನಗುದಂತೆ. ರೀಲ್ಸಲ್ಲಿ ಉಂಟು."