ಪ್ರಾಣೇಶರಾಯರು ಬಚ್ಚಲಲ್ಲಿ ಹೊಳೆ ಹರಿಸಿದ್ದು

ಗಂಗೆಯನ್ನು ಭೂಮಿಗಿಳಿಸಲು ಹಿಂದಿನವರು ಹಿಮಾಲಯ ಹುಡುಕಿಕೊಂಡು ಹೋದರು. ಹೈದರಾಬಾದಿನ ಬಾಲಾನಗರದ ಪ್ರಾಣೇಶರಾಯರಿಗೆ ಬಚ್ಚಲುಮನೆಯೇ ಸಾಕಾಯಿತು.

ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆದು ನಿವೃತ್ತರಾದ ರಾಯರು ಹಿಂದೊಮ್ಮೆ ಕೆಲಸದ ಮೇಲೆ ಗೋದಾವರಿ ದಂಡೆಗೆ ಹೋಗಿದ್ದಾಗ, ಹಡಗು ಕಟ್ಟುವ ಅಂಗಳವೊಂದನ್ನು ರಜೆಯ ದಿನ ಕಂಡಿದ್ದರು. ಸುತ್ತಿಗೆಯ ಸದ್ದಿಲ್ಲ, ಅರ್ಧ ಕಟ್ಟಿದ ಹಡಗು ನೀರಿನ ಪಕ್ಕ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ಜೀವಮಾನವೆಲ್ಲ ಯಂತ್ರಗಳ ಗದ್ದಲ ಕೇಳಿದ ಕಿವಿ ಆ ಮೌನವನ್ನು ಮರೆಯಲಿಲ್ಲ. ಅದನ್ನೇ ಜಲವರ್ಣದಲ್ಲಿ ಬರೆದು ಕನ್ನಡ ಸಂಘದ ಪ್ರದರ್ಶನಕ್ಕಿಡುವುದಾಗಿ ರಾಯರು ಪಣ ತೊಟ್ಟರು.

ಕಾಗದದ ಮೇಲೆ ಹಡಗು ಬಂತು, ಕ್ರೇನೂ ಬಂತು. ಹೊಳೆ ಮಾತ್ರ ಬರಲೊಲ್ಲದು. ಹೈದರಾಬಾದಿನ ಮೇ ತಿಂಗಳ ಸೆಕೆಗೆ, ಕುಂಚ ಆಚೆ ದಡ ಮುಟ್ಟುವಷ್ಟರಲ್ಲಿ ಈಚೆ ದಡದ ಬಣ್ಣ ಒಣಗಿ ಗೆರೆ ಬೀಳುತ್ತಿತ್ತು. ಕೂಲರಿನ ಮುಂದೆ ಕೂತರು. ಗಾಳಿಗೆ ಇನ್ನೂ ಬೇಗ ಒಣಗಿತು.

"ಹೊಳಿಗೆ ತಗಡು ಹೊದಿಸೀರಲ್ಲರೀ," ಎಂದರು ಹೆಂಡತಿ ಅಂಬುಬಾಯಿ.

ಚಿತ್ರ ಒಪ್ಪಿಸಬೇಕಾದ ದಿನ ಬೆಳಿಗ್ಗೆ ರಾಯರು, ಮನೆಯಲ್ಲಿ ತೇವ ಉಳಿದಿದ್ದ ಏಕೈಕ ಪ್ರಾಂತ್ಯವನ್ನು ವಶಪಡಿಸಿಕೊಂಡು ಚಿಲಕ ಹಾಕಿದರು. ಗೋಡೆಗೆಲ್ಲ ನೀರು ಎರಚಿ, ಬೋರಲು ಹಾಕಿದ ಬಕೀಟಿನ ಮೇಲೆ ಹಲಗೆಯಿಟ್ಟು, ಕಾಗದ ನೆನೆಸಿ, ಹೊಳೆಗೆ ಕೈಹಾಕಿದರು.

ಅಂದು ದ್ವಾದಶಿ. ಹಿಂದಿನ ದಿನ ಏಕಾದಶಿಯೆಂದು ತೊಟ್ಟು ನೀರೂ ಕುಡಿಯದ ಅಕ್ಕ ಗೋದಾಬಾಯಿ ಮಿಂದು, ಮಡಿಯುಟ್ಟು ಅಡುಗೆ ಮಾಡಿದರಷ್ಟೇ ಉಪವಾಸ ಮುರಿಯುವ ಪಾರಣೆ. ಆಕೆ ಬಾಗಿಲು ಬಡಿದರು.

"ಪ್ರಾಣೇಶಾ, ಒಳಗ ಏನ್ ಮಾಡ್ಲಿಕತ್ತೀ?"

"ಹೊಳಿ, ಅಕ್ಕಾ. ಅರ್ಧಾ ಆಗ್ಯದ. ಈಗ ಕೈಬಿಟ್ರ ಹೋತು."

"ನನ್ನ ಜೀವಾನೂ ಅರ್ಧಾ ಆಗ್ಯದ."

ಕುಂಚ ನಿಲ್ಲಲಿಲ್ಲ. ಆಚೆ ದಡ ಸೇರಿದ ಮೇಲೆಯೇ ಬಾಗಿಲು ತೆರೆಯಿತು. ಆದರೆ ಹಲಗೆ ಹೊರಗೆ ಬಂದರೆ ಮತ್ತದೇ ಗೆರೆ. ಅದು ಒಳಗೇ ನಿಧಾನವಾಗಿ ಒಣಗಬೇಕು. ಹಲಗೆಯನ್ನು ಮೂಲೆಯ ಕಟ್ಟೆಯ ಮೇಲಿಟ್ಟು, ಒಂದು ಹನಿಯೂ ಸಿಡಿಯದಂತೆ ಮೀಯಬೇಕೆಂದು ರಾಯರು ಅಕ್ಕನಿಗೆ ಕೈಮುಗಿದರು. ಗೋದಾಬಾಯಿ ತಮ್ಮನನ್ನು ನೋಡಿದರು, ಹಡಗನ್ನು ನೋಡಿದರು. ಜಗಳಕ್ಕೆ ತ್ರಾಣವಿರಲಿಲ್ಲವೋ, ಅವನು ಹುಟ್ಟಿದಾಗಿನಿಂದ ಈ ಹಟ ಕಂಡಿದ್ದರೋ, ಸುಮ್ಮನೆ ಒಳಹೋದರು.

ಹೊರಬಂದವರು ಹೇಳಿದ್ದಿಷ್ಟೇ: "ನಿನ್ನ ಹೊಳಿಗೆ ಒಂದು ಹನಿ ಬಿದ್ದಿಲ್ಲ. ನನ್ನ ಮೈಮ್ಯಾಲೂ ಅಷ್ಟಕ್ಕಷ್ಟೇ."

ರಾಯರು ಇಣುಕಿದರು. ಬಿಸಿನೀರಿನ ಹಬೆಯಲ್ಲಿ ಹೊಳೆ ದಡದಿಂದ ದಡಕ್ಕೆ ಒಂದು ಗೆರೆಯೂ ಇಲ್ಲದೆ ಮಲಗಿತ್ತು. ಅಕ್ಕನ ಅಡುಗೆ ಮುಗಿದು, ಎಲೆ ಹಾಕಿದ ಅಂಬುಬಾಯಿ ಊಟಕ್ಕೆ ಕೂಗಿದಾಗಲೂ ಅವರು ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಮೆಲ್ಲಕ ಮಾತಾಡು," ಎಂದರು. "ಇನ್ನೂ ಒಣಗಿಲ್ಲ."