ತಂಗಿಗೆ ಹೊಂಗೆ ಎಂದು ಹೆಸರಿಟ್ಟ ದಿನ

ಹೊಂಗೆಯ ಹೂವನ್ನು ಒಂದೊಂದಾಗಿ ಮೂಗಿಗೆ ಹಿಡಿದರೆ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ. ಬೀದಿ ತುಂಬ ಉದುರಿ, ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಅರೆದುಹೋಗಿ, ಬಿಸಿಲಿಗೆ ಬಾಡಿದಾಗ ಒಂದು ಹಸಿ ಒಗರು ಏಳುತ್ತದೆ. ಆ ವಾಸನೆ ಬಂದರೆ ಸಾಕು, ಈಗಲೂ ನನ್ನ ಬಲಗೈ ಹಗ್ಗ ಹಿಡಿಯುವ ಹಾಗೆ ತಾನಾಗಿ ಮುಷ್ಟಿ ಕಟ್ಟುತ್ತದೆ. ಗಿರಿನಗರದ ನಮ್ಮ ಹಳೆಯ ಮನೆಯ ಮಗ್ಗುಲಲ್ಲಿ ಅಂಥದ್ದೊಂದು ಮರವಿತ್ತು. ಕಾಲಿಗೆ ತಣ್ಣಗೆ ಹತ್ತುವ ಕೆಂಪು ನೆಲ, ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ, ಅಡುಗೆಮನೆಯಲ್ಲಿ ಬೆಳಗಾಗುತ್ತಲೇ ರೊಟ್ಟಿ ಬಡಿಯುವ ಸದ್ದು. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಅಜ್ಜಿಯ ಮಾತು ಹಾವೇರಿ ಕಡೆಯ ಧಾಟಿಯನ್ನು ಬಿಟ್ಟಿರಲಿಲ್ಲ. ನಿಮ್ಮ ಬೀದಿಯಲ್ಲೂ ಅಂಥದ್ದೊಂದು ಮನೆ ಇದ್ದಿರಬೇಕು. ಈಗ ಅಲ್ಲಿ ಏನಿದೆ ಎಂದು ನಾನು ಕೇಳುವುದಿಲ್ಲ.

ತಂಗಿ ಹುಟ್ಟಿ ಎರಡು ತಿಂಗಳು ದಾಟಿತ್ತು, ಹೆಸರಿನ್ನೂ ಇಟ್ಟಿರಲಿಲ್ಲ. ನನಗೆ ಒಂಬತ್ತು ವರ್ಷ. ಪಕ್ಕದ ಸೈಟಿನವರು ನೆಲಮಾಳಿಗೆಗೆಂದು ನಮ್ಮ ಕಾಂಪೌಂಡ್ ಗೋಡೆಯ ಬುಡದವರೆಗೂ ಜೆಸಿಬಿಯಲ್ಲಿ ಅಗೆಸಿದ್ದರು. ಹಿಂದಿನ ಸಂಜೆ ಆ ವರ್ಷದ ಮೊದಲ ಮಳೆ ಜೋರಾಗಿ ಬಿದ್ದಿತ್ತು. ಮಧ್ಯಾಹ್ನ ಕರೆಂಟು ಹೋಗಿ ಒಳಗೆ ಸೆಖೆ ತಡೆಯಲಾಗದೆ, ಅಮ್ಮ ಹೊಂಗೆಯ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿ, ತೂಗುವ ಹಗ್ಗವನ್ನು ನನ್ನ ಕೈಗೆ ಕೊಟ್ಟು ಊಟಕ್ಕೆ ಹೋದಳು. “ಬಿಡಬೇಡ” ಎಂದಿದ್ದಳು. ಮೊದಲು ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಹಾರಿತು. ಆಮೇಲೆ ಗೋಡೆ ಆ ಕಡೆಗೆ ಮೆಲ್ಲಗೆ ಒರಗಿ ಕಾಣೆಯಾಯಿತು. ಅದರ ಹಿಂದೆಯೇ ನೆಲ ಹೋಯಿತು. ನಾನು ಹಗ್ಗ ಬಿಟ್ಟು ಓಡಿದೆ. ತಿರುಗಿ ನೋಡಿದಾಗ ಜೋಲಿಯ ಕೆಳಗೆ ಮಣ್ಣಿರಲಿಲ್ಲ. ಎರಡಾಳು ಆಳದ ಗುಂಡಿಯ ಮೇಲೆ ತಂಗಿ ತೂಗುತ್ತಿದ್ದಳು. ಮರ ವಾಲಿತ್ತು, ಬೇರು ಅರ್ಧ ಹೊರಗೆ ಬಂದಿತ್ತು, ಹೂವು ಒಂದೇ ಸಮ ಸುರಿಯುತ್ತಿತ್ತು. ಆದರೂ ಮರ ಬೀಳಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಗಳಿಗೆಯನ್ನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ಈ ಬಾರಿ ಮರ ಬಿದ್ದೇಬಿಡುತ್ತದೆ ಅನ್ನಿಸುತ್ತದೆ.

ಅಪ್ಪನ ತಂಗಿ ಕಸ್ತೂರತ್ತೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಆಗಷ್ಟೇ ಗೇಟು ತೆರೆಯುತ್ತಿದ್ದಳು. “ಹಿಂದಕ್ಕೆ! ಎಲ್ಲಾ ಹಿಂದಕ್ಕೆ ಹೋಗ್ರಿ!” ಬಸ್ಸಿನಲ್ಲಿ ಕೂಗುವ ಹಾಗೆಯೇ ಕೂಗಿ, ಓಡಿಬಂದ ಅಮ್ಮನನ್ನು ಈಚೆಗೆ ತಳ್ಳಿ, ಹೊಟ್ಟೆಯ ಮೇಲೆ ಮಲಗಿ ಬೇರುಗಳ ಮೇಲೆ ತೆವಳಿದಳು. ನಾನು ಬಿಟ್ಟ ಹಗ್ಗ ಒಂದು ಬೇರಿಗೆ ಸಿಕ್ಕಿಕೊಂಡಿತ್ತು. ಅದನ್ನು ಹಿಡಿದು ಜೋಲಿಯನ್ನು ಹತ್ತಿರಕ್ಕೆ ಎಳೆದು ಮಗುವನ್ನು ಬಾಚಿಕೊಂಡಳು. ಮಗುವಿಗೆ ಎಚ್ಚರವೂ ಆಗಿರಲಿಲ್ಲ.

ಮಾರನೆಯ ದಿನದಿಂದಲೇ ಮಾತು ಶುರುವಾಯಿತು. ನೋಡಲು ಬಂದವರು ಗುಂಡಿಯನ್ನು ನೋಡಿ, ಮಗುವನ್ನು ನೋಡಿ, ದನಿ ತಗ್ಗಿಸಿ “ಕಾಲ್ಗುಣ” ಎನ್ನುತ್ತಿದ್ದರು. ಅಗೆಸಿದವನ ಹೆಸರನ್ನು ಯಾರೂ ಎತ್ತಲಿಲ್ಲ, ಹಗ್ಗ ಬಿಟ್ಟ ನನ್ನ ಹೆಸರನ್ನೂ. ನಾನೂ ಬಾಯಿ ಬಿಡಲಿಲ್ಲ. ಕೊನೆಗೆ ಅಜ್ಜಿ ತೀರ್ಮಾನ ಹೇಳಿದಳು: “ಕೂಸಿಗೆ ಶಾಂತವ್ವ ಅಂತ ಇಡೋಣು. ಇದರ ಜೋಡಿ ಬಂದ ಕಂಟಕ ಶಾಂತ ಆಗ್ಲಿ.”

ಅತ್ತೆ ರೊಟ್ಟಿ ಮುರಿಯುತ್ತಾ, “ಇದರ ಕಾಲು ಇನ್ನೂ ನೆಲಾನ ಮುಟ್ಟಿಲ್ಲ ಅವ್ವಾ, ಕಾಲ್ಗುಣ ಎಲ್ಲಿಂದ ಬಂತು?” ಎಂದಳು.

“ನೀ ಸುಮ್ಮನಿರು. ಸೋಮವಾರ ಕಿವ್ಯಾಗ ಹೇಳೋದಷ್ಟ ನಿನ್ನ ಕೆಲಸ.”

ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ನಮ್ಮಲ್ಲಿ ಸೋದರತ್ತೆಯದು. ಅವಳು ಬಗ್ಗಿ “ಕುರ್ರ್” ಎಂದು ಹೆಸರು ಉಸುರುವಾಗ ಸುತ್ತ ನಿಂತ ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದುತ್ತಾರೆ. ಒಮ್ಮೆ ಕಿವಿಗೆ ಬಿದ್ದ ಹೆಸರನ್ನು ವಾಪಸ್ ತೆಗೆಯುವಂತಿಲ್ಲ. ಸೋಮವಾರ ಅತ್ತೆ ಬಗ್ಗಿದಳು, ಗುದ್ದುಗಳು ಬಿದ್ದವು. ನೆಟ್ಟಗೆ ನಿಂತು, ಬಸ್ಸಿನ ಕೊನೆಯ ಸೀಟಿಗೂ ಕೇಳುವ ದನಿಯಲ್ಲಿ “ಹೊಂಗೆ” ಎಂದಳು. ನಗು ನಿಂತಿತು.

“ಏನಂದಿ?” ಎಂದಳು ಅಜ್ಜಿ.

“ಹೊಂಗೆ. ಕೂಸನ್ನ ಹಿಡ್ಕೊಂಡದ್ದು ಅದು. ಅದರ ಹೆಸರ ಇರಲಿ.”

“ಕಹಿ ಗಿಡದ ಹೆಸರು ಇಡ್ತಾರೇನ ಹೆಣ್ಣ ಕೂಸಿಗೆ? ಸಾಲ್ಯಾಗ ಹುಡುಗ್ರು ಹೊಂಗೆಣ್ಣಿ ಅಂತ ಕರೀತಾವ!”

“ಕರೀಲಿ. ಕಂಟಕ ಅಂತ ಕರೆಯೋದಕ್ಕಿಂತ ಚಲೋ.”

ಆಗ ಅಜ್ಜಿ ಹೊಡೆದ ಗುದ್ದು ಶಾಸ್ತ್ರದ್ದಾಗಿರಲಿಲ್ಲ. ಅತ್ತೆ ಬೆನ್ನು ತಿರುಗಿಸಿ ನಿಂತಳು. “ಇನ್ನೂ ಎರಡು ಹಾಕು ಅವ್ವಾ, ಹೆಸರು ಗಟ್ಟಿ ಆಗ್ಲಿ.” ಅಷ್ಟೂ ದಿನ ತಲೆ ತಗ್ಗಿಸಿಕೊಂಡೇ ಇದ್ದ ಅಮ್ಮ ಎದ್ದು, ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು, ಎಲ್ಲರ ಎದುರಿಗೇ ಕೇಳಿದಳು: “ಹೊಂಗೆ, ಹಸಿವಾಯ್ತಾ?”

ಹುಡುಗರು ಹೊಂಗೆಣ್ಣೆ ಎಂದೇ ಕರೆದರು; ತಂಗಿಯೂ ಅಜ್ಜಿಯ ಮೊಮ್ಮಗಳೇ ತಾನೆ, ಅವರ ಬೆನ್ನಿಗೆ ಸರಿಯಾಗಿಯೇ ಗುದ್ದಿದಳು. ಅಜ್ಜಿ ವರ್ಷಗಟ್ಟಲೆ “ಏ ಹುಡುಗಿ” ಎನ್ನುತ್ತಿದ್ದವಳು, ಒಂದು ಸಂಜೆ ಗೇಟಿನಲ್ಲಿ ನಿಂತು “ಹೊಂಗೀ, ಒಳಗ ಬಾ” ಎಂದು ಕೂಗಿದ್ದನ್ನು ನಾನು ಕೇಳಿದ್ದೇನೆ. ಈಗ ಅಜ್ಜಿ ಇಲ್ಲ, ಕಸ್ತೂರತ್ತೆ ಇಲ್ಲ. ವಾಲಿಕೊಂಡೇ ಉಳಿದಿದ್ದ ಮರವನ್ನೂ, ಮನೆ ಮಾರಿದ ವರ್ಷವೇ, ಕೊಂಡವರು ಪಾರ್ಕಿಂಗಿಗೆಂದು ಕಡಿದರು.

ಈ ಬೇಸಿಗೆಯಲ್ಲಿ ನಾನೂ ತಂಗಿಯೂ ಆ ಬೀದಿಗೆ ಹೋಗಿದ್ದೆವು. ಹಗ್ಗ ಬಿಟ್ಟದ್ದನ್ನು ದಾರಿಯಲ್ಲಿ ಮೊದಲ ಸಲ ಅವಳಿಗೆ ಹೇಳಿದೆ. “ಒಂಬತ್ತು ವರ್ಷಕ್ಕೆ ನೀನೂ ಮಗೂನೇ ಅಲ್ವೇನೇ ಅಕ್ಕ” ಎಂದು ನನ್ನ ಬಲಗೈ ಹಿಡಿದುಕೊಂಡಳು. ನಮ್ಮ ಮನೆಯಿದ್ದ ಜಾಗದಲ್ಲಿ ಎದ್ದಿದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಗಾರ್ಡ್ ಬಂದವರು ಹೆಸರು ಬರೆಯುವ ಪುಸ್ತಕ ಮುಂದೆ ಮಾಡಿದ. ಅವಳು ಬರೆದದ್ದನ್ನು ಓದಿ, “ಹೊಂಗೆ... ಮರದ ಹೆಸರಲ್ವಾ ಮೇಡಂ?” ಎಂದ.

“ಹೌದಣ್ಣ. ನೀವು ಕುರ್ಚಿ ಹಾಕಿದೀರಲ್ಲ, ಅಲ್ಲೇ ಇತ್ತು.”

ಅವನು ಎದ್ದು ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡ. ಯಾವ ಫ್ಲಾಟಿಗೆ ಎಂಬ ಜಾಗವನ್ನು ತಂಗಿ ಖಾಲಿ ಬಿಟ್ಟಳು. ಎಲ್ಲಿಂದ ಬಂದಿರಿ ಎಂಬಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ಇಲ್ಲಿಂದಲೇ.