ಪದವಿಲ್ಲದ ಬಿಂದು

ಕೊಲ್ಹಾಪುರದ ಕಾಲೇಜಿನಲ್ಲಿ ಗಣಿತ ಕಲಿಸುವ ನಾನು, ಪದಗಳ ಅರ್ಥವನ್ನೂ ಗಣಿತದಲ್ಲಿ ಹಿಡಿದು ಕೂರಿಸುತ್ತೇನೆಂದು ಹೊರಟಾಗ ಮೊದಲು ನೆನಪಾದದ್ದು ನಮ್ಮ ಕುರಿಗಳು. ಗಡಹಿಂಗ್ಲಜ ಹತ್ತಿರದ ನಮ್ಮೂರಲ್ಲಿ ಕುರಿಗಿರುವಷ್ಟು ಹೆಸರು ಮನುಷ್ಯರಿಗಿಲ್ಲ.

ವಿಧಾನ ಸರಳ. ಒಂದು ತಕ್ತೆ, ಅಂದರೆ ಕೋಷ್ಟಕ. ಎಡಕ್ಕೆ ಪದಗಳು: ಟಗರು, ಗಬ್ಬದ ಕುರಿ, ಈದ ಕುರಿ, ಗೊಡ್ಡು ಕುರಿ. ಮೇಲೆ ಗುಣಗಳು: ಹೆಣ್ಣೇ? ಹಾಲೂಡುತ್ತದೆಯೇ? ಮರಿ ತನ್ನದೇ? ಹೌದಾದ ಕಡೆ ಗುರುತು ಹಾಕಬೇಕು. ಗುರುತುಗಳ ಒಂದೊಂದು ಜೋಡಣೆಗೆ ಒಂದೊಂದು ಬಿಂದು ಇಟ್ಟು ಗೆರೆ ಎಳೆದರೆ ಅರ್ಥದ ನಕ್ಷೆ ಸಿದ್ಧ. ನನ್ನ ನಕ್ಷೆಯಲ್ಲಿ ಒಂದು ಬಿಂದುವಿಗೆ ಮಾತ್ರ ಪದ ಸಿಗಲಿಲ್ಲ: ಹಾಲೂಡುತ್ತದೆ, ಆದರೆ ಮರಿ ತನ್ನದಲ್ಲ.

ರಜೆಗೆ ಊರಿಗೆ ಹೋದವಳು ತಕ್ತೆ ತೋರಿಸಿ ಕಾಕುವನ್ನೇ ಕೇಳಲು ಕುಳಿತೆ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ನಾನು ಹುಟ್ಟಿದ ವಾರದಲ್ಲೇ ಅವ್ವ ತೀರಿಕೊಂಡಳು. ಆಗಷ್ಟೇ ತನ್ನ ಕೂಸನ್ನು ಮಣ್ಣು ಮಾಡಿದ್ದ ಕಾಕುವಿನ ಉಡಿಗೆ ಹಿರಿಯರು ನನ್ನನ್ನು ಹಾಕಿದರು ಎಂದೇ ಕೇಳಿ ಬೆಳೆದೆ. ಹಾಕಿದ್ದಕ್ಕೆ ಸಾಕಿದಳೋ, ನಾನು ಬೇಕೆಂದು ಸಾಕಿದಳೋ? ಇಷ್ಟು ವರ್ಷ ಕೇಳುವ ಧೈರ್ಯ ಬಂದಿರಲಿಲ್ಲ.

"ಕಾಕೂ, ಮರಿ ಸತ್ತ ಕುರಿಗೆ ಬ್ಯಾರೆ ಮರಿ ಹಚ್ಚತೀರಲ್ಲ, ಆ ಕುರಿಗೆ ಏನಂತೀರಿ?"

ಅವಳು ಆಗ ಅದೇ ಕೆಲಸದಲ್ಲಿದ್ದಳು. ಕುರಿಯ ಹಾಲನ್ನೇ ಹಿಂಡಿ, ತಾಯಿಯಿಲ್ಲದ ಮರಿಯ ಮೈಗೆಲ್ಲ ಸವರಿ, ಕುರಿಯ ಮೂಗಿನ ಹತ್ತಿರ ಹಿಡಿದಿದ್ದಳು. ಕುರಿ ಮೂಸಿತು, ಒದೆಯಿತು, ಮತ್ತೆ ಮೂಸಿತು.

"ಏನಂತಾರ? ತಾಯಿ ಅಂತಾರ."

"ಹಡದಾಕಿಗೂ ತಾಯಿ, ಇದಕ್ಕೂ ತಾಯಿ ಅಂದ್ರ ಫರಕ ಹೆಂಗ ಗೊತ್ತಾಗಬೇಕು?"

"ಯಾರಿಗೆ ಗೊತ್ತಾಗಬೇಕು? ಕುರಿಗೂ ಬ್ಯಾಡ, ಮರಿಗೂ ಬ್ಯಾಡ. ನಿನ್ನ ತಕ್ತೆಗಷ್ಟ ಬೇಕೇನ?"

ನಾನು ಮೇಷ್ಟರಗಿತ್ತಿಯ ಗತ್ತಿನಲ್ಲಿ ವಾದಕ್ಕಿಳಿದೆ. ಕುರಿ ಒದೆಯಿತಲ್ಲ, ಮೊದಲು ಒಲ್ಲೆ ಎಂದಿತಲ್ಲ, ಹಿಡಿದು ಒಪ್ಪಿಸಿದ ಮೇಲೆ ತಾನೇ ತಾಯಿಯಾದದ್ದು ಎಂದೆ. ಮಾತು ಮುಗಿಯುವ ಮೊದಲೇ ದನಿ ಒಡೆಯಿತು. ಕಾಕು ಮರಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಕುರಿಯ ಮಾತು ಆಡುತ್ತಿಲ್ಲವೆಂದು ಅವಳಿಗೆ ತಿಳಿದುಹೋಯಿತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. "ನನ್ನೂ ಹಂಗ ನಿನ್ನ ಉಡಿಗೆ ಹಾಕಿದ್ರಂತಲ್ಲ?" ಎಂದುಬಿಟ್ಟೆ.

"ಯಾರು ಹೇಳ್ಯಾರ ನಿನಗ, ಉಡಿಗೆ ಹಾಕಿದ್ರಂತ?" ಹಾಲು ಮೆತ್ತಿದ ಕೈಯಿಂದಲೇ ನನ್ನ ಕೆನ್ನೆ ಒರೆಸಿದಳು. "ಹಿರ್ಯಾರು ಬ್ಯಾಡ ಅಂದಿದ್ರು, ಬಾಣಂತಿ ಅದಿ, ದುಃಖದಾಗ ಅದಿ ಅಂತ. ನೀ ಅಳೋದು ಕೇಳಿ ನಾನ ಎದ್ದ ಬಂದು ಅವರ ಕೈಯಿಂದ ನಿನ್ನ ಕಸಗೊಂಡ್ನಿ."